ಹಳೇ ಕ್ಯಾಮೆರಾ ಯಾರಿಗೆ, ಹೊಸ ಕ್ಯಾಮೆರಾ ಯಾರಿಗೆ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವನು ನಾನು. ಆದ್ದರಿಂದ ದೊಡ್ಡ ವಿಷಯ ಎತ್ತಿಕೊಳ್ಳದೆ, ಈ ಮೇಜಿನ ಮೇಲಿಟ್ಟಿರುವ ಎರಡು ಕ್ಯಾಮೆರಾಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಕೊನೆಯಲ್ಲಿ ಇವೆರಡರಲ್ಲಿ ಒಂದನ್ನು ಶಾಲೆಗೆ ಕೊಟ್ಟು ಹೋಗುತ್ತೇನೆ. ಯಾವುದು ಅನ್ನುವುದೇ ಇವತ್ತಿನ ವಿಷಯ.

ಎಡಗಡೆ ಇರುವುದು ನಿಕಾನ್ ಡಿ70. ಇದು ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡೆ. ಬಲಗಡೆ ಇರುವುದು ಅದೇ ಕಂಪನಿಯ ಡಿ7500, 2017ರ ಮಾದರಿ. ಎರಡೂ ಡಿಎಸ್‌ಎಲ್‌ಆರ್. ಅಂದರೆ ಒಳಗೊಂದು ಕನ್ನಡಿ ಇದ್ದು, ಲೆನ್ಸಿನಿಂದ ಬಂದ ಬೆಳಕನ್ನು ನಮ್ಮ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆದ್ದು, ಬೆಳಕು ಹಿಂದಿನ ಸೆನ್ಸರ್ ಮೇಲೆ ಬೀಳುತ್ತದೆ. 'ಟಪ್' ಎಂದು ಕೇಳುವ ಸದ್ದಿನಲ್ಲಿ ಆ ಕನ್ನಡಿಯ ಸದ್ದೂ ಸೇರಿದೆ.

ಸುವರ್ಣ ಮಹೋತ್ಸವಕ್ಕೆ ಪ್ರತಿಯೊಬ್ಬರೂ ಏನಾದರೂ ಕೊಡಬೇಕೆಂದು ನಮ್ಮ ಬ್ಯಾಚಿನವರು ತೀರ್ಮಾನಿಸಿದಾಗ, ಹಳೇ ಡಿ70 ಅನ್ನು ಒರೆಸಿ ಶಾಲೆಗೆ ಕೊಡೋಣ ಎಂದುಕೊಂಡೆ. ಅದನ್ನು ಮಕ್ಕಳಿಗೆ ತೋರಿಸಲು ತಂದ ದಿನ, ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಕೇಳಿದಳು: "ಸಾರ್, ಇದು ನಿಮಗೆ ಬೇಡವಾಯ್ತಾ, ಅದಕ್ಕೇ ನಮಗೆ ಕೊಡ್ತಿದ್ದೀರಾ?"

ಆ ಮಗು ಕುಹಕದಿಂದ ಕೇಳಲಿಲ್ಲ. ತಿಳಿಯಬೇಕೆಂದೇ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನಾವು ಓದುವಾಗ ಯಾವುದೋ ಕಚೇರಿಯವರು ತಮಗೆ ಬೇಡವಾದ ನಾಲ್ಕು ಕಂಪ್ಯೂಟರ್ ಕೊಟ್ಟಿದ್ದರು. ಓಡುತ್ತಿದ್ದದ್ದು ಒಂದೇ. ಉಳಿದ ಮೂರಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದರು. ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದ ನಾನು ಈಗ ಅದೇ ಕೆಲಸ ಮಾಡಲು ಹೊರಟಿದ್ದೆನೇ? ಇದನ್ನು ಪರೀಕ್ಷೆ ಮಾಡಿಯೇ ತಿಳಿಯೋಣ ಎಂದು ಎರಡೂ ಕ್ಯಾಮೆರಾ ಹಿಡಿದು ಜಿಲ್ಲೆ ಸುತ್ತಿದೆ. ಲೆನ್ಸ್ ಮಾತ್ರ ಒಂದೇ: ಡಿ70 ಜೊತೆಗೆ ಬಂದಿದ್ದ 18-70 ಎಂ.ಎಂ. ಲೆನ್ಸ್. ನಿಕಾನ್ 1959ರಿಂದ ತನ್ನ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸ್ ಕೂರಿಸುವ ಬಾಯಿಯ ಅಳತೆ ಬದಲಿಸದೆ ಇಟ್ಟುಕೊಂಡು ಬಂದಿರುವುದರಿಂದ, ಅದು ಎರಡಕ್ಕೂ ಸರಿಯಾಗಿ ಕೂತಿತು.

ಮೊದಲು ಹೋದದ್ದು ಮುಳಬಾಗಿಲು ತಾಲ್ಲೂಕಿನ ಆವಣಿಗೆ. ಬೆಳಗಿನ ಒಳ್ಳೆಯ ಬಿಸಿಲು. ರಾಮಲಿಂಗೇಶ್ವರ ದೇವಾಲಯದ ಹೊರಗೋಡೆಯನ್ನೂ ಹಿಂದಿನ ಬೆಟ್ಟವನ್ನೂ ಎರಡರಲ್ಲೂ ತೆಗೆದೆ. ಡಿ70ದು 6 ಮೆಗಾಪಿಕ್ಸೆಲ್, ಡಿ7500ದು ಸುಮಾರು 21. ಲೆಕ್ಕಕ್ಕೆ ಮೂರೂವರೆ ಪಟ್ಟು. ಆದರೆ ಎರಡನ್ನೂ 6×9 ಇಂಚು ಪ್ರಿಂಟ್ ಹಾಕಿಸಿ, ಯಾವುದು ಯಾವುದೆಂದು ಹೇಳದೆ ಸ್ನೇಹಿತರಿಗೆ ತೋರಿಸಿದರೆ, ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಕಾರಣ ಸರಳ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಸಾಕು. ಡಿ70 ಚಿತ್ರದ ಉದ್ದ 3008 ಚುಕ್ಕೆ, ಅಂದರೆ ಹತ್ತು ಇಂಚಿನವರೆಗೆ ತೊಂದರೆಯಿಲ್ಲ. ಡಿ7500ದು 5568, ಅಂದರೆ ಹದಿನೆಂಟೂವರೆ ಇಂಚು. ಒಂಬತ್ತು ಇಂಚಿನ ಪ್ರಿಂಟಿನಲ್ಲಿ ಹೆಚ್ಚಿನ ಚುಕ್ಕೆಗಳಿಗೆ ಕೆಲಸವೇ ಇಲ್ಲ.

ಆಮೇಲೆ ಶ್ರೀನಿವಾಸಪುರದ ಮಾವಿನ ತೋಟ. ನಡು ಮಧ್ಯಾಹ್ನ, ಮರದ ನೆರಳಿನಲ್ಲಿ ರೈತರೊಬ್ಬರು ನಿಂತಿದ್ದರು. ಹಿಂದೆ ಕಣ್ಣು ಕುಕ್ಕುವ ಬಿಸಿಲು. ಇಂಥ ಕಡೆ ಮುಖ ಕಪ್ಪಾಗದಿರಲು ಹಗಲಿನಲ್ಲೂ ಫ್ಲ್ಯಾಶ್ ಬೇಕು. ಡಿ70 ಸೆಕೆಂಡಿನ 500ನೇ ಒಂದು ಭಾಗದ ವೇಗದಲ್ಲೂ ಫ್ಲ್ಯಾಶ್ ಜೊತೆ ಹೊಂದಿಕೊಳ್ಳುತ್ತದೆ. ಡಿ7500 ಮಾಮೂಲಾಗಿ 250ನೇ ಒಂದು ಭಾಗಕ್ಕೆ ನಿಲ್ಲುತ್ತದೆ. ಇಲ್ಲಿ ಹಳೆಯದೇ ಒಂದು ಕೈ ಮೇಲು. 'ಹಾಗಾದರೆ ಹಳೆಯದನ್ನೇ ಕೊಟ್ಟರೆ ತಪ್ಪೇನಿಲ್ಲ' ಎಂದು ನನಗೆ ಸಮಾಧಾನವಾಯಿತು.

ಆ ಸಮಾಧಾನ ಮಾಲೂರಿನವರೆಗೆ ಮಾತ್ರ. ಅಲ್ಲಿ ಪರಿಚಯದವರ ಹೆಂಚಿನ ಕಾರ್ಖಾನೆಯ ಒಳಗೆ ಸಂಜೆ ಹೊತ್ತು, ಹಸಿ ಹೆಂಚು ಜೋಡಿಸುತ್ತಿದ್ದ ಹೆಂಗಸರ ಚಿತ್ರ ತೆಗೆದೆ. ಡಿ70 ಚಿತ್ರದಲ್ಲಿ ಗೋಡೆ ಇದೆ, ಹೆಂಚಿನ ಸಾಲು ಇದೆ, ಆದರೆ ಕೈಗಳು ಕಲಸಿಹೋಗಿವೆ. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾದ ಐಎಸ್‌ಒ ಏರಿಸಬೇಕು. ದೂರದವರ ಮಾತು ಕೇಳಿಸದಿದ್ದರೆ ರೇಡಿಯೋ ದನಿ ಏರಿಸಿದ ಹಾಗೆ. ದನಿಯ ಜೊತೆ ಗರಗರ ಸದ್ದೂ ಏರುತ್ತದಲ್ಲ, ಚಿತ್ರದಲ್ಲಿ ಅದು ರವೆ ಚೆಲ್ಲಿದಂತೆ ಕಾಣುತ್ತದೆ. ಡಿ70 ಐಎಸ್‌ಒ 1600ಕ್ಕೆ ನಿಲ್ಲುತ್ತದೆ, ಅಷ್ಟಕ್ಕೇ ರವೆ ಕಾಣಿಸುತ್ತದೆ. ಡಿ7500 ಅನ್ನು 6400ಕ್ಕೆ ಏರಿಸಿದರೂ ಚಿತ್ರ ಹಿಡಿಸುವಂತಿರುತ್ತದೆ. ಅಂದರೆ ಅದೇ ಬೆಳಕಿನಲ್ಲಿ ನಾಲ್ಕು ಪಟ್ಟು ವೇಗ: ಸೆಕೆಂಡಿನ 60ನೇ ಒಂದು ಭಾಗದ ಬದಲು 250ನೇ ಒಂದು ಭಾಗ. ಅಲುಗುವ ಕೈ ಅಷ್ಟರಲ್ಲಿ ನಿಂತಂತೆ ಸಿಗುತ್ತದೆ. ಸೆನ್ಸರಿನ ಅಳತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬಿದ್ದ ಬೆಳಕನ್ನು ಕಡಿಮೆ ಗದ್ದಲದಲ್ಲಿ ಓದಿಕೊಳ್ಳುವ ವಿದ್ಯೆ ಈ ಹದಿಮೂರು ವರ್ಷಗಳಲ್ಲಿ ಬೆಳೆದಿದೆ.

ಕೊನೆಗೆ ನಮ್ಮ ಶಾಲೆಗೇ ಬಂದೆ. ಮಕ್ಕಳು ಟ್ಯೂಬ್‌ಲೈಟಿನ ಕೆಳಗೆ ಇವತ್ತಿನ ಕೋಲಾಟ ಅಭ್ಯಾಸ ಮಾಡುತ್ತಿದ್ದರು. ಹೊರಗೆ ಮೈದಾನದಲ್ಲಿ ಕಬಡ್ಡಿ. ಕೋಲಾಟದ ಕೋಲು ಡಿ70ರಲ್ಲಿ ಬರೀ ಬಿಳಿ ಗೆರೆ. ಕಬಡ್ಡಿಯಲ್ಲಿ ರೇಡರ್ ಗೆರೆ ಮುಟ್ಟಿದ ಆ ಕ್ಷಣ ಸಿಗಲೇ ಇಲ್ಲ. ಡಿ70 ಸೆಕೆಂಡಿಗೆ ಮೂರು ಚಿತ್ರ ತೆಗೆದರೆ ಡಿ7500 ಎಂಟು ತೆಗೆಯುತ್ತದೆ. ಫೋಕಸ್ ಹಿಡಿಯುವ ಬಿಂದುಗಳು ಅದರಲ್ಲಿ 5, ಇದರಲ್ಲಿ 51. ಡಿ70ರಲ್ಲಿ ವಿಡಿಯೋ ಇಲ್ಲವೇ ಇಲ್ಲ. ಅದಕ್ಕೆ ಬೇಕಾದ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಊರಿನ ಮೊಬೈಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಡಿ7500ದು ಮಾಮೂಲಿ ಎಸ್‌ಡಿ ಕಾರ್ಡ್, ಚಿತ್ರಗಳನ್ನು ನೇರವಾಗಿ ಮೊಬೈಲಿಗೂ ಕಳಿಸುತ್ತದೆ.

ಗ್ರೂಪ್ ಫೋಟೋದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಸಾಲಿನಲ್ಲಿ ಇಪ್ಪತ್ತು ಮಕ್ಕಳು ನಿಂತರೆ, ಡಿ70ರಲ್ಲಿ ಒಬ್ಬೊಬ್ಬರ ಪಾಲಿಗೆ ಅಡ್ಡಕ್ಕೆ 150 ಚುಕ್ಕೆ, ಮುಖಕ್ಕೆ ಸುಮಾರು 50. ಡಿ7500ರಲ್ಲಿ ಒಬ್ಬರಿಗೆ 278, ಮುಖಕ್ಕೆ 90ರ ಮೇಲೆ. ಐವತ್ತು ವರ್ಷದ ನಂತರ ಮೊಮ್ಮಗಳು 'ಇದರಲ್ಲಿ ನಮ್ಮಜ್ಜಿ ಯಾರು?' ಎಂದು ಹುಡುಕುವಾಗ ಈ ಚುಕ್ಕೆಗಳು ಬೇಕಾಗುತ್ತವೆ.

ಮನೆಗೆ ಹೋಗಿ ಎರಡು ಪಟ್ಟಿ ಬರೆದೆ. ನಾನು ತೆಗೆಯುವ ಚಿತ್ರಗಳು ಯಾವುವು? ರಜೆಯಲ್ಲಿ ಬೆಟ್ಟ, ದೇವಸ್ಥಾನ, ಅಂತರಗಂಗೆ, ಹಬ್ಬದ ದಿನ ಅಂಗಳದಲ್ಲಿ ಮನೆಯವರು. ಎಲ್ಲಾ ಹಗಲು, ಎಲ್ಲಾ ನಿಧಾನ. ಶಾಲೆಗೆ ಬೇಕಾದ ಚಿತ್ರಗಳು ಯಾವುವು? ಸಂಜೆಯ ವಾರ್ಷಿಕೋತ್ಸವ, ಮಂಕು ಬೆಳಕಿನ ಕೊಠಡಿಯಲ್ಲಿ ವಿಜ್ಞಾನ ಪ್ರಯೋಗ, ಕಬಡ್ಡಿ, ಕೊಕ್ಕೋ, ಗ್ರೂಪ್ ಫೋಟೋ, ನಿವೃತ್ತರಾಗುವ ಮೇಷ್ಟ್ರ ಮಾತಿನ ವಿಡಿಯೋ. ಕಷ್ಟದ ಕೆಲಸವೆಲ್ಲ ಶಾಲೆಯದು, ಸುಲಭದ್ದೆಲ್ಲ ನನ್ನದು. ಆದರೆ ಒಳ್ಳೆಯ ಸಾಮಾನು ನನ್ನ ಹತ್ತಿರ ಇಟ್ಟುಕೊಂಡು, ಹಳೆಯದನ್ನು ಶಾಲೆಗೆ ಕೊಡಲು ಹೊರಟಿದ್ದೆ. ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು.

ಅದಕ್ಕೇ ಮುಖ್ಯೋಪಾಧ್ಯಾಯರೇ, ಬಲಗಡೆಯ ಕ್ಯಾಮೆರಾ ಇನ್ನು ಮುಂದೆ ಶಾಲೆಯದು. ಎಡಗಡೆಯದು ನನ್ನ ಜೊತೆ ವಾಪಸ್ ಬರುತ್ತದೆ. ಬಿಸಿಲಿನಲ್ಲಿ ಅದಕ್ಕೆ ಇನ್ನೂ ಆಯಸ್ಸಿದೆ. ಇದನ್ನು ದಾನವೆಂದು ಬರೆದುಕೊಳ್ಳಬೇಡಿ. ಕಂಪನಿಗಳು ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಳಿರುವುದರಿಂದ ಇದೂ ಒಂದು ದಿನ ಹಳೆಯದಾಗುವುದೇ. ಆದರೆ ಈ ಶಾಲೆಯ ಕೆಲಸ ಇವತ್ತು ಇದರಿಂದ ಆಗುತ್ತದೆ.

'ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಕ್ಯಾಮೆರಾ ಯಾಕಪ್ಪಾ?' ಎಂದು ಹಿಂದಿನ ಸಾಲಿನವರು ಕೇಳಬಹುದು. ಈ ಸಂಚಿಕೆಗೆ ಫೋಟೋ ಹುಡುಕುವಾಗ ಒಂದು ವಿಚಿತ್ರ ನೋಡಿದೆವು. ಮೊದಲ ಬ್ಯಾಚಿನ ಕಪ್ಪುಬಿಳುಪು ಗ್ರೂಪ್ ಫೋಟೋ ಸಿಕ್ಕಿತು. ಹಿಂದೆ ಶಾಯಿಯಲ್ಲಿ ಎಲ್ಲರ ಹೆಸರೂ ಇತ್ತು. ಕಳೆದ ಹತ್ತು ವರ್ಷಗಳ ವಾರ್ಷಿಕೋತ್ಸವದ ಫೋಟೋಗಳು ಮಾತ್ರ ಬೆರಳೆಣಿಕೆಯಷ್ಟು ಸಿಕ್ಕವು. ತೆಗೆದವರು ನೂರಾರು ಜನ. ಆದರೆ ಒಬ್ಬರ ಫೋನ್ ಬಾವಿಗೆ ಬಿದ್ದಿದೆ, ಒಬ್ಬರದು ಬದಲಾಗಿದೆ, ಒಬ್ಬರಿಗೆ ವರ್ಗವಾಗಿದೆ. ಮೊಬೈಲ್ ತೆಗೆದವರದು. ಈ ಕ್ಯಾಮೆರಾ ಶಾಲೆಯದು.

ಆದ್ದರಿಂದ ಮಕ್ಕಳೇ, ಕ್ಯಾಮೆರಾ ಜೊತೆ ಒಂದು ನೋಟ್‌ಬುಕ್ಕೂ ಕೊಡುತ್ತಿದ್ದೇನೆ. ಮೊದಲ ಪುಟದಲ್ಲಿ ಮೂರೇ ಮಾತು ಬರೆದಿದ್ದೇನೆ. ಪ್ರತಿ ಕಾರ್ಯಕ್ರಮದ ನಂತರ ಐದು ಫೋಟೋ ಪ್ರಿಂಟ್ ಹಾಕಿಸಿ. ಹಿಂದೆ ತಾರೀಕು, ಹೆಸರು ಬರೆಯಿರಿ. ಉಳಿದವನ್ನು ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿಡಿ. ಪ್ರಿಂಟಿನ ಖರ್ಚು ನಮ್ಮ ಬ್ಯಾಚಿನದು. ಇನ್ನೊಂದು ಕೋರಿಕೆ: ದಯವಿಟ್ಟು ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಕೈ ಜಾರಿ ಬಿದ್ದು ಒಡೆದರೆ ನನಗೆ ಬೇಸರವಿಲ್ಲ. ಬಟ್ಟೆ ಹೊದಿಸಿ ಇಟ್ಟರೆ ಬೇಸರವಾಗುತ್ತದೆ.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಸಂಜೆಯ ಕೋಲಾಟದ ಮೊದಲ ಚಿತ್ರ ಅವಳೇ ತೆಗೆಯಲಿ. ಬಾಮ್ಮಾ, ಬೆಲ್ಟನ್ನು ಕೊರಳಿಗೆ ಹಾಕಿಕೊಂಡು ಹಿಡಿದುಕೋ.