ಅಟ್ಟದಲ್ಲಿ ಸತ್ತ ಇಲಿ

(ಬಾರಾಮತಿಯಲ್ಲಿ ಕನ್ನಡ ಹೋಟೆಲ್ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸಿನ ಮಾತನ್ನು ಇಂದು ಬದಿಗಿಟ್ಟು ಸತ್ತ ಇಲಿಯ ಮಾತಾಡುತ್ತೇನೆ. ನಗಬೇಡಿ. ಹೋಟೆಲಿನಲ್ಲಿ ನಾತ ಬಂದರೆ ಗಿರಾಕಿ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಾನೆ. ಯಜಮಾನರು ರಾತ್ರಿ ಮನೆ ಸೇರುತ್ತಾರೆ. ಆ ನಾತದಲ್ಲೇ ಚಾಪೆ ಹಾಸಿ ಮಲಗುವವರು ನಾವು.

ಈ ಊರಿನಲ್ಲಿ ಇಲಿಗೆ ಬರವಿಲ್ಲ. ನೀರಾ ಕಾಲುವೆಯ ನೀರಿನಿಂದ ಸುತ್ತಲೂ ಕಬ್ಬು. ಕಟಾವು ಶುರುವಾದರೆ ಗದ್ದೆಯ ಇಲಿ ಮನೆ, ಗೋದಾಮು ಹುಡುಕಿಕೊಂಡು ಬರುತ್ತದೆ. ಅಕ್ಕಿ, ಉದ್ದು, ಬೆಲ್ಲದ ಮೂಟೆ ಇರುವ ನಮ್ಮ ಉಗ್ರಾಣಕ್ಕಿಂತ ಒಳ್ಳೆಯ ಛತ್ರ ಅದಕ್ಕೆ ಎಲ್ಲಿ ಸಿಕ್ಕೀತು?

ಆಮೇಲೆ ವಿಷ ತರುತ್ತಾರೆ. 'ತಿಂದ ಇಲಿ ನೀರು ಹುಡುಕುತ್ತ ಹೊರಗೆ ಹೋಗಿ ಸಾಯುತ್ತದೆ, ನಾತ ಬರುವುದಿಲ್ಲ' ಎನ್ನುತ್ತಾನೆ ಅಂಗಡಿಯವನು. ನಂಬಬೇಡಿ. ಬ್ರೋಮಾಡಯೋಲೋನ್ ಎಂಬ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೆಲವು ದಿನ ಓಡಾಡಿ, ಸೊರಗಿ, ಕೊನೆಗೆ ಬಿಲದಲ್ಲೋ ಗೋಡೆಯ ಸಂದಿನಲ್ಲೋ ಸಾಯುತ್ತದೆ. ತೇವದ ಜಾಗವಾದರೆ ನಾತ ಎರಡು ಮೂರು ವಾರ ನಿಂತೀತು. ಅದಕ್ಕೆ ಊದುಬತ್ತಿ ಹಚ್ಚುತ್ತಾರೆ, ಫಿನಾಯಿಲ್ ಚೆಲ್ಲುತ್ತಾರೆ. ಎರಡು ವಾಸನೆ ಸೇರಿ ಮೂರನೆಯದೊಂದು ಹುಟ್ಟುತ್ತದೆ, ಅಷ್ಟೆ. ಹೆಣ ತೆಗೆಯದೆ ನಾತ ಹೋಗದು.

ಹುಡುಕುವುದಕ್ಕೆ ಬೆಳಗಿನ ಜಾವ ಒಳ್ಳೆಯದು. ಒಲೆ ಹಚ್ಚುವ ಮೊದಲು ಫ್ಯಾನು ನಿಲ್ಲಿಸಿ. ಹತ್ತು ನಿಮಿಷ ಹೊರಗೆ ಗಾಳಿಯಲ್ಲಿ ನಿಂತು ಒಳಗೆ ಬನ್ನಿ. ಒಳಗೇ ಇದ್ದವನ ಮೂಗಿಗೆ ನಾತ ಅಭ್ಯಾಸವಾಗಿರುತ್ತದೆ. ಹಸಿರಾಗಿ ಮಿರುಗುವ ದೊಡ್ಡ ನೊಣ ಎಲ್ಲಿ ಸುತ್ತುತ್ತದೆ, ಇರುವೆ ಸಾಲು ಎಲ್ಲಿಗೆ ಹೋಗುತ್ತದೆ, ಹಲಗೆಯ ಮೇಲೆ ಜಿಡ್ಡಿನ ಕಲೆ ಇದೆಯೇ, ನೋಡಿ. ಫ್ರಿಜ್ಜಿನ ಹಿಂದೆ, ಗ್ರೈಂಡರಿನ ಅಡಿ, ಮೂಟೆಗಳ ಸಂದು, ಅಟ್ಟದ ಮೂಲೆ ಇವನ್ನು ಮೊದಲು ನೋಡಬೇಕು.

ಸಿಕ್ಕಿತೆಂದು ಬಾಲ ಹಿಡಿದು ಎತ್ತಬೇಡಿ. ಸುತ್ತಲಿನ ಆಹಾರದ ಸಾಮಾನು ಸರಿಸಿ, ಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಹೆಣವನ್ನೂ ಜಾಗವನ್ನೂ ನೆನೆಸಿ, ಸ್ವಲ್ಪ ಹೊತ್ತು ಬಿಡಿ. ಒಣ ಪೊರಕೆಯಿಂದ ಗುಡಿಸಿದರೆ ಇಲಿಯ ಹಿಕ್ಕೆ, ಮೂತ್ರದ ಧೂಳು ಎದೆಗೆ ಹೋಗುತ್ತದೆ. ಸಂಡಾಸು ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪುಡಿಗೆ ಬೆರೆಸಲೇಬೇಡಿ. ಅದರಿಂದೇಳುವ ಗಾಳಿ ಪ್ರಾಣಕ್ಕೇ ಅಪಾಯ. ಎರಡು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ, ಸಾಬೂನಿನಲ್ಲಿ ಕೈ ತೊಳೆಯಿರಿ. ಗೋಡೆಯೊಳಗೆ ಕೈಗೆ ಸಿಗದಿದ್ದರೆ ಇಟ್ಟಿಗೆ ಬಿಚ್ಚಿಸಬೇಕು. ಅದಕ್ಕೂ ಒಪ್ಪದಿದ್ದರೆ ಕಿಟಕಿ ತೆರೆದು, ಬಾಣಲೆಯಲ್ಲಿ ಒಣ ಇದ್ದಿಲು ಇಡಿ. ಅದು ವಾಸನೆಯನ್ನು ಕೊಂಚ ಹೀರುತ್ತದೆ. ಅಲ್ಲಿಯವರೆಗೆ ಹುಡುಗರು ಹಾಲಿನಲ್ಲಿ ಮಲಗಲಿ.

ಇಷ್ಟೆಲ್ಲ ಏಕೆಂದರೆ, ಈ ಸೀಮೆ ಸತ್ತ ಇಲಿಯಿಂದ ಕಲಿತದ್ದು ಬಹಳ. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿತು. 1897ರಲ್ಲಿ ಪುಣೆ, 1898ರಲ್ಲಿ ಬೆಂಗಳೂರು ನರಳಿದವು. ಇಲಿಯ ಮೈಮೇಲಿನ ಚಿಗಟವೇ ರೋಗ ತರುತ್ತದೆಂದು ಸೀಮೊಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ತೋರಿಸಿಕೊಟ್ಟರು. ಹೆಣ ತಣ್ಣಗಾದಂತೆ ಚಿಗಟ ಅದನ್ನು ಬಿಟ್ಟು ಬೇರೆ ಮೈ ಹುಡುಕುತ್ತದೆ. 1994ರಲ್ಲಿ ಇದೇ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲೂ ಆಮೇಲೆ ಸೂರತ್ತಿನಲ್ಲೂ ಪ್ಲೇಗಿನ ಸುದ್ದಿ ಎದ್ದಾಗ, ಸೂರತ್ತಿನ ಕೂಲಿಕಾರರು ಗಂಟು ಕಟ್ಟಿಕೊಂಡು ಓಡಿದರು. ಒಂದು ಇಲಿ ಸತ್ತರೆ ಹೆದರಬೇಕಿಲ್ಲ. ವಿಷ ಇಡದೆಯೇ ಸಾಲಾಗಿ ಬಿದ್ದರೆ ಮುಟ್ಟದೆ ನಗರಸಭೆಗೆ ತಿಳಿಸಿ. ಇಲಿಜ್ವರವಂತೂ ಇಂದಿಗೂ ಇದೆ: ಮೋರಿಯ ನೀರಿನಲ್ಲಿ ಬರಿಗಾಲಲ್ಲಿ ನಿಂತವನಿಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಬಂದರೆ ಡಾಕ್ಟರಿಗೆ ಇಲಿಯ ವಿಷಯವನ್ನೂ ಹೇಳಬೇಕು.

ಈಗ ಮುಖ್ಯ ಮಾತು. ಇಲಿ ಸತ್ತರೆ ಕೂಗುವುದು ಯಾರನ್ನು? ಕಪ್ಪು ಬಸಿ ತೊಳೆಯುವ ಹುಡುಗನನ್ನು. ಇಲ್ಲವೆ ಸಂಡಾಸು ತೊಳೆಯಲು ಬರುವಾಕೆಯನ್ನು. ಅವರ ಜಾತಿ ನೋಡಿಯೇ ಕೂಗುವುದೂ ಉಂಟು. ಸತ್ತ ದನ ಹೊರುವ ಕೆಲಸ ಬಿಡಿರೆಂದು ಅಂಬೇಡ್ಕರರು ತಮ್ಮವರಿಗೆ ಹೇಳಿದ್ದು ಇದೇ ನಾಡಿನಲ್ಲಿ. ನಾವು ಅದನ್ನು ಇಲಿಯ ರೂಪದಲ್ಲಿ ಉಳಿಸಿಕೊಂಡಿದ್ದೇವೆ. ಯಜಮಾನರನ್ನು ಮಾತ್ರ ಬಯ್ದು ಫಲವಿಲ್ಲ. ಸಪ್ಲಾಯರ್, ಅಡಿಗೆ ಭಟ್ಟರು ಕೂಡ 'ಏಯ್, ನೀನು ಹೋಗು' ಎನ್ನುವವರೇ. ಇನ್ನು ಮುಂದೆ ಪಾಳಿ ಹಾಕಿಕೊಳ್ಳೋಣ. ಮೊದಲ ಪಾಳಿ ನನ್ನಂಥ ಸಂಘದವರದೇ ಆಗಲಿ. ಗವಸಿಲ್ಲದೆ ಯಾರೂ ಮುಟ್ಟಬಾರದು, ಚಿಕ್ಕ ಹುಡುಗನಂತೂ ಕೂಡದು.

ಅಡಿಗೆಮನೆಗೆ ಇಲಿ ಬಾರದಂತೆ ನೋಡಿಕೊಳ್ಳುವುದು ಲೈಸೆನ್ಸುದಾರನ ಹೊಣೆಯೆಂದು 2006ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳಲ್ಲಿದೆ. ಆದ್ದರಿಂದ ಇದರ ಖರ್ಚು ನಮ್ಮ ಸಂಬಳದಲ್ಲಿ ಮುರಿಯುವಂಥದಲ್ಲ. ಅನ್ನ ಬೇಯುವಲ್ಲಿ ವಿಷ ಬೇಡ, ಬೋನು ಸಾಕು. ದಿನವೂ ನೋಡುವ ಬೋನಿನಲ್ಲಿ ಇಲಿ ಕೊಳೆಯುವುದಿಲ್ಲ. ಮೋರಿಗೆ ಜಾಲರಿ, ಬಿಲಕ್ಕೆ ಸಿಮೆಂಟು, ಮೂಟೆಗಳನ್ನು ಗೋಡೆಯಿಂದ ದೂರ ಹಲಗೆಯ ಮೇಲೆ ಇಡುವುದು. ಎರಡು ಜೊತೆ ಗವಸು, ಬ್ಲೀಚಿಂಗ್ ಪುಡಿ, ಎರಡು ಬೋನು, ಒಂದು ಜಾಲರಿ ಎಂದು ಚೀಟಿ ಬರೆದು ನಾಳೆ ಬೆಳಿಗ್ಗೆ ಗಲ್ಲಾಕ್ಕೆ ಕೊಡಿ. ಬರೆಯಲು ಬಾರದವರು ಈಗಲೇ ನನ್ನ ಹತ್ತಿರ ಬನ್ನಿ, ಬರೆದು ಕೊಡುತ್ತೇನೆ.