ಶಾಲೆಯ ದ್ವಾರಪಾಲಕ

ವೈಕುಂಠದ ಬಾಗಿಲು ಕಾಯುತ್ತಿದ್ದ ಜಯವಿಜಯರ ಕಥೆ ನಾವೆಲ್ಲ ಬಲ್ಲೆವು. ಅವರು ತಡೆದ ಸನಕಾದಿಗಳು ನೋಡಲು ಐದು ವರ್ಷದ ಬಾಲಕರು. ಬಂದವರಾರೆಂದು ಅರಿಯದೆ ತಡೆದುದಕ್ಕೆ ಶಾಪ ತಗಲಿತು. ಬಾಗಿಲು ಕಾಯುವವನಿಗೆ ದೊಣ್ಣೆಗಿಂತ ಗುರುತು ಮುಖ್ಯ.

ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಪೋಣಿಸಿರುವ ಹೆದ್ದಾರಿ 66ರ ಆಚೀಚೆ ಶಾಲೆಗಳು ಹಲವು. 2016ರ ಜೂನ್ 21ರಂದು ತ್ರಾಸಿಯ ಬಳಿ ಶಾಲಾಮಕ್ಕಳಿದ್ದ ವಾಹನಕ್ಕೂ ಬಸ್ಸಿಗೂ ಢಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ಅದು ಗೇಟಿನ ಬಳಿ ನಡೆದುದಲ್ಲ, ನಿಜ. ಆದರೆ ಮಕ್ಕಳ ಅಪಾಯ ಗೋಡೆಯೊಳಗಿಗಿಂತ ದಾರಿಯಲ್ಲಿ ಹೆಚ್ಚೆಂಬುದನ್ನು ನಮಗೆ ಕಲಿಸಿತು. ಗಂಟೆ ಹೊಡೆದೊಡನೆ ಕಾವಲುಗಾರನು ಒಳಗಲ್ಲ, ರಸ್ತೆಯಂಚಿನಲ್ಲಿ ನಿಲ್ಲತಕ್ಕದ್ದು.

ಒಮ್ಮೆ ನಮ್ಮ ಶಾಲೆಯ ಕಾವಲುಗಾರನು, ಕರೆದೊಯ್ಯಲು ಬಂದ ಸೋದರಮಾವನೊಡನೆ ಹುಡುಗಿಯೊಬ್ಬಳನ್ನು ಕಳುಹಿಸಲೊಪ್ಪದೆ, ತಾಯಿ ಫೋನಿನಲ್ಲಿ ಹೇಳುವವರೆಗೂ ನಿಲ್ಲಿಸಿಕೊಂಡ. ನಾನು ಗದರಿದೆ. ಆತ ಮೆಲ್ಲನೆ, “ನಾಳೆ ಮಾವ ಅಲ್ದವ ಬಂದ್ರೆ ಎಂತ ಮಾಡೂದ್ ಮಾಷ್ಟ್ರೆ?” ಎಂದ. ಮೂವತ್ತು ವರ್ಷ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ.

ಮಕ್ಕಳ ಮುಖ, ಹೆಸರು ಮನಸ್ಸಿನಲ್ಲಿ ನಿಲ್ಲಲು ವರ್ಷವಾದರೂ ಬೇಕು. ಅಷ್ಟರಲ್ಲಿ ಆಳನ್ನು ಬದಲಿಸಿದರೆ ಉಳಿಯುವುದು ಸಮವಸ್ತ್ರ ಮಾತ್ರ. ಆತನಿಗೆ ಹೊತ್ತಿಗೆ ಸರಿಯಾಗಿ ಸಂಬಳ, ಅಧ್ಯಾಪಕರ ಸಭೆಯಲ್ಲಿ ಒಂದು ಕುರ್ಚಿ, ಇವಿಷ್ಟನ್ನಾದರೂ ಕೊಡೋಣ. ನಮ್ಮ ಮಕ್ಕಳನ್ನು ಬೆಳಿಗ್ಗೆ ಮೊದಲು ಕಾಣುವವನು ಆತನೇ ಅಲ್ಲವೆ?