ಕಲ್ಲಿನ ಮಾತು ಕೇಳುವ ಪಾಠ



ಜಪಾನೀ ಉದ್ಯಾನ ಎಂದೊಡನೆ ಕಣ್ಣಮುಂದೆ ಬರುವುದು ಬಾಗಿ ನಿಂತ ಪೈನ್ ಮರ, ಪಾಚಿ ಕಟ್ಟಿದ ಬಂಡೆ, ಕಲ್ಲಿನ ದೀಪ, ಗೆರೆ ಎಳೆದ ಬಿಳಿ ಹರಳುಗಳ ಅಂಗಳ. ಬರೀ ಚಿತ್ರದಲ್ಲಿ ನೋಡಿದವರೂ ಇದನ್ನು ಗುರುತು ಹಿಡಿಯುತ್ತಾರೆ. ಆದರೆ ಇಂಥ ತೋಟ ಮಾಡುವ ವಿದ್ಯೆಯನ್ನು ಯಾರು ಯಾರಿಗೆ ಕಲಿಸುತ್ತ ಬಂದರು ಎಂದು ಕೇಳುವವರು ಕಡಿಮೆ. ಇಂದು ಈ ವಿದ್ಯೆಗೆ ತರಗತಿಗಳಿವೆ, ಸರಕಾರ ಮಾನ್ಯ ಮಾಡಿದ ಪರೀಕ್ಷೆಗಳಿವೆ, ಪರದೇಶದವರಿಗೆಂದೇ ನಡೆಯುವ ಶಿಬಿರಗಳೂ ವಿಚಾರ ಸಂಕಿರಣಗಳೂ ಇವೆ. ಸಾವಿರ ವರ್ಷಗಳ ಇತಿಹಾಸದಲ್ಲಿ ಇದು ತೀರಾ ಈಚಿನ ಮಾತು. ಅದಕ್ಕೆ ಮುಂಚೆ ಈ ವಿದ್ಯೆ ಇಬ್ಭಾಗವಾಗಿತ್ತು. ಒಂದು ಭಾಗ ಪುಸ್ತಕದಲ್ಲಿತ್ತು, ಇನ್ನೊಂದು ಭಾಗ ಕೈಯಲ್ಲಿತ್ತು. ಪುಸ್ತಕ ಇಟ್ಟುಕೊಂಡವರು ಮೇಲಿನವರು. ಕೈಕೆಲಸ ಬಲ್ಲವರು ಬಹುತೇಕ ಊರ ಹೊರಗಿನವರು.

ಮೇರು ಕಟ್ಟಿದ ಪರದೇಶಿ

ಜಪಾನಿನ ಪ್ರಾಚೀನ ಚರಿತ್ರೆಯಾದ ‘ನಿಹೋನ್ ಶೋಕಿ’ 720ರಲ್ಲಿ ಪೂರ್ಣಗೊಂಡ ಗ್ರಂಥ. ಅದರಲ್ಲಿ 612ನೆಯ ಇಸವಿಯ ಕೆಳಗೆ ಒಂದು ಪ್ರಸಂಗವಿದೆ. ಇಂದಿನ ಕೊರಿಯಾದ ಭಾಗವಾಗಿದ್ದ ಪೇಕ್ಚೆ ರಾಜ್ಯದಿಂದ ಒಬ್ಬ ಮನುಷ್ಯ ಬಂದ. ಅವನ ಮುಖದ ಮೇಲೂ ಮೈಮೇಲೂ ಬಿಳಿ ಮಚ್ಚೆಗಳಿದ್ದವು. ಅದನ್ನು ಕಂಡು ಅಸಹ್ಯಪಟ್ಟ ಜನ ಅವನನ್ನು ಸಮುದ್ರದ ನಡುವಿನ ದ್ವೀಪವೊಂದರಲ್ಲಿ ಬಿಟ್ಟುಬರಲು ಹೊರಟರು. ಆಗ ಅವನು ಒಂದು ಪ್ರಶ್ನೆ ಕೇಳಿದನಂತೆ: ಮಚ್ಚೆ ಇರುವುದೇ ತಪ್ಪಾದರೆ ಬಿಳಿ ಮಚ್ಚೆಯ ದನ, ಕುದುರೆಗಳನ್ನು ನೀವು ಸಾಕುವುದೇಕೆ? ತನಗೆ ಬೆಟ್ಟದ ರೂಪ ಕಟ್ಟುವ ವಿದ್ಯೆ ಗೊತ್ತಿದೆ, ಉಳಿಸಿಕೊಂಡರೆ ದೇಶಕ್ಕೆ ಲಾಭ ಎಂದೂ ಹೇಳಿದ. ಅವನನ್ನು ಉಳಿಸಿಕೊಂಡರು. ಅರಮನೆಯ ದಕ್ಷಿಣದ ಅಂಗಳದಲ್ಲಿ ಅವನಿಂದ ಸುಮೇರು ಪರ್ವತವನ್ನೂ ಒಂದು ಸೇತುವೆಯನ್ನೂ ಕಟ್ಟಿಸಿದರು. ನಮ್ಮ ಪುರಾಣಗಳ ಮೇರುವೇ ಬೌದ್ಧಧರ್ಮದ ಜೊತೆ ಚೀನಾ, ಕೊರಿಯಾ ದಾಟಿ ಅಲ್ಲಿಗೆ ತಲುಪಿತ್ತು. ಜಪಾನಿನ ದಾಖಲೆಗಳಲ್ಲಿ ಸಿಗುವ ಮೊದಮೊದಲ ಉದ್ಯಾನ ಶಿಲ್ಪಿಗಳಲ್ಲಿ ಒಬ್ಬ ಹೀಗೆ ದೂರ ತಳ್ಳಿಸಿಕೊಳ್ಳಲಿದ್ದ ಮನುಷ್ಯ.

ಬರೆದವರು, ಹೊತ್ತವರು

ಉದ್ಯಾನದ ಬಗ್ಗೆ ಜಪಾನಿನಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಗ್ರಂಥ ‘ಸಕುತೇಕಿ’. ಕಾಲ ಹನ್ನೊಂದನೆಯ ಶತಮಾನ. ಬರೆದವನು ತಾಚಿಬಾನಾ ನೋ ತೋಶಿತ್ಸುನಾ ಎಂಬ ಶ್ರೀಮಂತ ಆಸ್ಥಾನಿಕ ಎಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಕೊಳದ ಆಕಾರ, ತೊರೆಯ ಹರಿವು, ಜಲಪಾತದ ಬಗೆಗಳು, ಯಾವ ದಿಕ್ಕಿಗೆ ಯಾವ ಮರ ಎಂಬೆಲ್ಲ ವಿವರ ಇದರಲ್ಲಿದೆ. ಕಲ್ಲು ನಿಲ್ಲಿಸುವುದಕ್ಕೆ ಅದು ಹೇಳುವ ಸೂತ್ರ ಪ್ರಸಿದ್ಧವಾದದ್ದು. ಮೊದಲು ಮುಖ್ಯವಾದ ಒಂದು ಕಲ್ಲನ್ನು ನಿಲ್ಲಿಸಬೇಕು. ಆಮೇಲೆ ಅದು ಏನು ಕೇಳುತ್ತದೆಯೋ ಹಾಗೆ ಉಳಿದವನ್ನು ಇಡಬೇಕು. ನಿಷೇಧಗಳೂ ಉಂಟು. ಬೆಟ್ಟದಲ್ಲಿ ನೆಟ್ಟಗೆ ನಿಂತಿದ್ದ ಕಲ್ಲನ್ನು ತೋಟದಲ್ಲಿ ಮಲಗಿಸಿದರೆ, ಮಲಗಿದ್ದುದನ್ನು ನಿಲ್ಲಿಸಿದರೆ ಮನೆಗೆ ಕೇಡು ಎನ್ನುತ್ತದೆ ಆ ಗ್ರಂಥ. ಈ ಕೆಲಸವನ್ನು ಸರಿಯಾಗಿ ಬಲ್ಲವರು ಈಚೆಗೆ ಇಲ್ಲವಾದರು ಎಂಬ ಕೊರಗೂ ಅದರಲ್ಲೇ ಇದೆ. ಗುರುಗಳಿಲ್ಲ ಎಂಬ ದೂರಿಗೂ ಹೆಚ್ಚುಕಡಿಮೆ ಸಾವಿರ ವರ್ಷ ವಯಸ್ಸಾಯಿತು.

ಪುಸ್ತಕ ಎಂದರೆ ಎಲ್ಲರ ಕೈಗೆ ಸಿಗುವುದು ಎಂದು ಇಂದು ತಿಳಿಯುತ್ತೇವೆ. ಆಗ ಹಾಗಿರಲಿಲ್ಲ. 1466ರ ಇಸವಿ ನಮೂದಾಗಿರುವ, ಚಿತ್ರಗಳಿರುವ ಇನ್ನೊಂದು ಹಸ್ತಪ್ರತಿ ಇದನ್ನು ಹೊರಗಿನವರಿಗೆ ತೋರಿಸಕೂಡದು, ಗುಟ್ಟಾಗಿಡಬೇಕು ಎಂದು ಓದುಗನನ್ನೇ ಎಚ್ಚರಿಸುತ್ತದೆ. ಗುರುವಿನ ಬಾಯಿಂದ ಕೇಳದವನು ತೋಟ ಮಾಡಹೊರಡಬಾರದು ಎಂಬುದು ಅದರ ನಿಲುವು.

ಬರೆದವರು ಇವರಾದರೆ ಬಂಡೆಗಳನ್ನು ಹೊತ್ತವರು ಯಾರು? ಹದಿನೈದನೆಯ ಶತಮಾನದ ಕ್ಯೋಟೋದಲ್ಲಿ ಆ ಕೆಲಸಕ್ಕೆ ಬರುತ್ತಿದ್ದವರು ಕವಾರಮೋನೋ ಎಂಬ ಜನ. ಕವಾರ ಎಂದರೆ ನದಿಯ ದಂಡೆ. ತೆರಿಗೆ ಇಲ್ಲದ ಹೊಳೆದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು, ಸತ್ತ ದನದ ಚರ್ಮ ಸುಲಿದು ಹದ ಮಾಡಿ ಬದುಕುತ್ತಿದ್ದ ಇವರನ್ನು ಸಮಾಜ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಬಾವಿ ತೋಡುವುದು, ಮಣ್ಣು ಹೊರುವುದು, ಮರ ಕಿತ್ತು ನೆಡುವುದು ಇವರ ಪಾಲಿಗೆ ಬಂತು. ಮಾಡುತ್ತ ಮಾಡುತ್ತ ಇವರಲ್ಲಿ ಕೆಲವರು ಉದ್ಯಾನದ ಮಹಾ ಕುಶಲಿಗಳಾದರು. ಜೆನ್ಆಮಿ ಎಂಬವನನ್ನು ಶೋಗುನ್ ಅಶಿಕಾಗಾ ಯೋಶಿಮಾಸಾ ಎಷ್ಟು ಮೆಚ್ಚಿದ್ದನೆಂದರೆ, ಅವನು ಕಾಯಿಲೆ ಬಿದ್ದಾಗ ಔಷಧಿ ಕಳಿಸಿಕೊಟ್ಟನೆಂಬ ದಾಖಲೆ ಇದೆ. ದೇಶದ ಅಧಿಕಾರವೆಲ್ಲ ಕೈಯಲ್ಲಿದ್ದವನು ಹೊಳೆದಂಡೆಯ ಮನುಷ್ಯನಿಗೆ ಮದ್ದು ಕಳಿಸಿದ್ದು ಸಣ್ಣ ಸಂಗತಿಯಲ್ಲ.

ಆದರೆ ಮೆಚ್ಚುಗೆಯಿಂದ ಹುಟ್ಟಿನ ಕಳಂಕ ಅಳಿಯಲಿಲ್ಲ. ಜೆನ್ಆಮಿಯ ಮೊಮ್ಮಗ ಮತಾಶಿರೋನ ಮಾತೊಂದನ್ನು ಆ ಕಾಲದ ಝೆನ್ ಭಿಕ್ಷು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಪ್ರಾಣಿ ಕೊಲ್ಲುವವರ ಮನೆಯಲ್ಲಿ ಹುಟ್ಟಿದ್ದಕ್ಕೆ ತನಗೆ ನೋವಿದೆ, ಆದ್ದರಿಂದ ಜೀವ ತೆಗೆಯುವುದಿಲ್ಲ, ಆಸೆಬುರುಕನಾಗುವುದಿಲ್ಲ ಎಂದು ಪಣ ತೊಟ್ಟಿದ್ದೇನೆ ಎಂಬುದು ಆ ಮಾತಿನ ಸಾರ. ದುಡಿಮೆ ಬೇಕು, ದುಡಿದವನು ಬೇಡ ಎಂಬ ಈ ಕತೆಯನ್ನು ಕನ್ನಡ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಗುಟ್ಟು ಅಚ್ಚಿಗೆ ಬಂದಾಗ

ಗುಟ್ಟಿನ ಬೀಗ ಸಡಿಲವಾದದ್ದು ಮುದ್ರಣದಿಂದ. ‘ತ್ಸುಕಿಯಾಮಾ ತೇಜೋದೆನ್’ ಎಂಬ ಕೈಪಿಡಿ 1735ರಲ್ಲಿ ಅಚ್ಚಾಯಿತು. 1828ರಲ್ಲಿ ಅದಕ್ಕೊಂದು ಮುಂದುವರಿಕೆ ಬಂತು. ವರ್ತಕರು, ಸಾಧಾರಣ ಗೃಹಸ್ಥರು ಕೂಡ ಚಿತ್ರ ನೋಡಿ ಹಿತ್ತಲಲ್ಲಿ ಗುಡ್ಡ, ಕೊಳ ಮಾಡಿಸತೊಡಗಿದರು. ಮುಂದುವರಿಕೆಯ ಕೈಪಿಡಿ ಉದ್ಯಾನಗಳನ್ನು ಶಿನ್, ಗ್ಯೋ, ಸೋ ಎಂದು ಮೂರು ದರ್ಜೆಯಾಗಿ ವಿಂಗಡಿಸುತ್ತದೆ. ಈ ಮಾತುಗಳು ಬಂದದ್ದು ಬರವಣಿಗೆಯಿಂದ. ಬಿಡಿಬಿಡಿಯಾಗಿ ತಿದ್ದಿ ಬರೆದ ಅಕ್ಷರ ಶಿನ್. ಕೈ ಎತ್ತದೆ ಓಡಿಸಿದ, ನಮ್ಮ ಹಳೆಯ ಮೋಡಿ ಬರಹದಂಥ ಅಕ್ಷರ ಸೋ. ಎರಡರ ನಡುವಿನದು ಗ್ಯೋ. ಇಂಗ್ಲೆಂಡಿನ ವಾಸ್ತುಶಿಲ್ಪಿ ಜೋಸಾಯಾ ಕಾಂಡರ್ 1893ರಲ್ಲಿ ಜಪಾನೀ ಉದ್ಯಾನಗಳ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದಾಗ ಇಂಥ ಕೈಪಿಡಿಗಳನ್ನೇ ನೆಚ್ಚಿಕೊಂಡಿದ್ದ. ಹೊರ ಜಗತ್ತಿಗೆ ಇದು ಮೊದಲ ಪಠ್ಯಪುಸ್ತಕದಂತಾಯಿತು.

ಶಾಲೆ ಬಂದದ್ದು ಒಂದು ದುರಂತದ ಬೆನ್ನಿಗೆ. 1923ರ ಭೂಕಂಪ ಮತ್ತು ಬೆಂಕಿಯಿಂದ ಟೋಕಿಯೋ ನೆಲಸಮವಾಯಿತು. ಊರು ಕಟ್ಟುವಾಗ ಉದ್ಯಾನ, ಬಯಲು ಎಷ್ಟು ಮುಖ್ಯ ಎಂಬ ಅರಿವು ಮೂಡಿ, ಅದನ್ನು ಬಲ್ಲವರು ಬೇಕಾದರು. ಮರುವರ್ಷವೇ, 1924ರಲ್ಲಿ, ಉಯೆಹಾರಾ ಕೇಜಿ ಅವರು ಉದ್ಯಾನ ಮತ್ತು ಭೂದೃಶ್ಯ ವಿನ್ಯಾಸ ಕಲಿಸುವ ಶಾಲೆಯನ್ನು ಟೋಕಿಯೋದಲ್ಲಿ ತೆರೆದರು. ಅದು ಮುಂದೆ ಟೋಕಿಯೋ ಕೃಷಿ ವಿಶ್ವವಿದ್ಯಾಲಯದಲ್ಲಿ ಸೇರಿಕೊಂಡಿತು.

ಯಾವ ಮೇಸ್ತ್ರಿಯ ಕೈಕೆಳಗೂ ಕೆಲಸ ಕಲಿಯದೆ ಈ ಕ್ಷೇತ್ರದಲ್ಲಿ ದೊಡ್ಡ ಹೆಸರಾದವರು ಶಿಗೆಮೋರಿ ಮಿರೇ (1896–1975). 1934ರ ಮುರೋಟೊ ಚಂಡಮಾರುತದಲ್ಲಿ ಕ್ಯೋಟೋ ಸುತ್ತಲಿನ ಹಳೆಯ ಉದ್ಯಾನಗಳು ಹಾಳಾದವು. ಮೊದಲು ಹೇಗಿದ್ದವು ಎಂದು ಹೇಳಲು ಬಹಳ ಕಡೆ ನಕ್ಷೆಯೇ ಇರಲಿಲ್ಲ. ಶಿಗೆಮೋರಿ ಅಳತೆಪಟ್ಟಿ ಹಿಡಿದು ದೇಶ ಸುತ್ತಿದರು. ಕಲ್ಲು ಕಲ್ಲನ್ನೂ ಅಳೆದು, ನಕ್ಷೆ ಬರೆದು, 1936ರಿಂದ 1939ರೊಳಗೆ 26 ಸಂಪುಟ ಹೊರತಂದರು. ಆ ಅಳತೆಯೇ ಅವರಿಗೆ ಪಾಠವಾಯಿತು. 1939ರಲ್ಲಿ ಕ್ಯೋಟೋದ ತೋಫುಕುಜಿ ದೇವಾಲಯಕ್ಕೆ ಅವರು ಕೂಲಿ ಪಡೆಯದೆ ಉದ್ಯಾನ ಮಾಡಿಕೊಟ್ಟರು. ಇದ್ದುದನ್ನು ಯಾವುದನ್ನೂ ಬಿಸಾಡಬಾರದು ಎಂಬುದು ದೇವಾಲಯದ ಷರತ್ತಾಗಿತ್ತು. ಹಳೆಯ ಕಂಬಗಳ ಅಡಿಗಲ್ಲುಗಳು ಸಪ್ತರ್ಷಿ ಮಂಡಲವಾದವು. ನೆಲಕ್ಕೆ ಹಾಸಿದ್ದ ಚಪ್ಪಡಿಗಳು ಪಾಚಿಯ ನಡುವೆ ಪಗಡೆ ಹಾಸಿನಂಥ ಮನೆಗಳಾದವು.

ತರಗತಿಯಲ್ಲಿ ನಡೆಯುವುದೇನು?

ಇಂದಿನ ತರಗತಿಗಳಲ್ಲೂ ಮೊದಲ ಪಾಠ ನೋಡುವುದು, ಅಳೆಯುವುದು, ಬರೆಯುವುದು. ಆಮೇಲೆ ಕಲ್ಲು. ಪ್ರತಿ ಕಲ್ಲಿಗೂ ಒಂದು ಮುಖ, ಒಂದು ನೆತ್ತಿ, ಒಂದು ಬುಡ ಇರುತ್ತದೆ. ಅದನ್ನು ಗುರುತಿಸದೆ ಹಾರೆ ಹಾಕುವಂತಿಲ್ಲ. ಮೂರು ಮರದ ಕಂಬಗಳನ್ನು ತುದಿಯಲ್ಲಿ ಕಟ್ಟಿ ನಿಲ್ಲಿಸಿ, ಸರಪಳಿ ರಾಟೆಯಿಂದ ಕಲ್ಲನ್ನು ಎತ್ತಿ, ಗುಂಡಿಗೆ ಇಳಿಸಿ, ಸುತ್ತ ಮಣ್ಣು ಹಾಕಿ ಕೋಲಿನಿಂದ ಗಿಡಿಯಬೇಕು. ಕಲ್ಲು ನೆಲದ ಮೇಲೆ ಕೂತಂತೆ ಕಾಣಬಾರದು, ನೆಲದೊಳಗಿನಿಂದ ಎದ್ದಂತೆ ಕಾಣಬೇಕು. ನಡುವೆ ಎತ್ತರದ್ದು, ಎರಡು ಪಕ್ಕಕ್ಕೆ ಗಿಡ್ಡವು ಇಡುವ ಮೂರು ಕಲ್ಲಿನ ಜೋಡಣೆ ಬುದ್ಧನೂ ಇಬ್ಬರು ಬೋಧಿಸತ್ವರೂ ಇರುವ ಮೂರ್ತಿಗಳಿಂದ ಬಂದದ್ದು.

ಕಾಲುಹಾದಿಯ ಕಲ್ಲುಗಳ ಬಗ್ಗೆ ಹಳೆಯದೊಂದು ವಾದವಿದೆ. ಚಹಾ ಗುರು ಸೆನ್ ನೋ ರಿಕ್ಯು (1522–1591) ನಡಿಗೆಯ ಅನುಕೂಲಕ್ಕೆ ಆರು ಪಾಲು, ಅಂದಕ್ಕೆ ನಾಲ್ಕು ಪಾಲು ಎಂದನಂತೆ. ಶಿಷ್ಯ ಫುರುತಾ ಒರಿಬೆ ಅದನ್ನು ತಿರುಗುಮುರುಗು ಮಾಡಿದ. ಇಬ್ಬರಲ್ಲಿ ಯಾರು ಸರಿ ಎಂಬುದು ಹಾದಿಯ ಮೇಲೆ ನಡೆದು ನೋಡಿದವರಿಗಷ್ಟೇ ತಿಳಿದೀತು.

ಜಪಾನಿನಲ್ಲಿ ತೋಟಗಾರರಿಗೆ ಮೂರು ದರ್ಜೆಯ ರಾಷ್ಟ್ರೀಯ ಕುಶಲತಾ ಪರೀಕ್ಷೆ ಇದೆ. ಬರವಣಿಗೆಯ ಪ್ರಶ್ನೆಗಳ ಜೊತೆಗೆ, ಕತ್ತರಿಸಿ ತಂದ ರೆಂಬೆಗಳನ್ನು ನೋಡಿ ಮರದ ಹೆಸರು ಹೇಳಬೇಕು. ಕೆಲವೇ ಗಂಟೆಗಳಲ್ಲಿ ಪುಟ್ಟ ತೋಟದ ತುಂಡೊಂದನ್ನು ಕಟ್ಟಿ ತೋರಿಸಬೇಕು. ಅದರಲ್ಲಿ ಬಿದಿರ ಬೇಲಿ ಇರಬೇಕು. ಬೇಲಿಯ ಗಂಟುಗಳನ್ನು ತಾಳೆಯ ನಾರಿನ ಕಪ್ಪು ಹುರಿಯಿಂದ ಬಿಗಿಯಬೇಕು. ಆ ಗಂಟಿಗೆ ‘ಗಂಡುಗಂಟು’ ಎಂದೇ ಹೆಸರು. ಓದಿದವರು ಸುಲಭವಾಗಿ ಎಡವುವುದು ಇಲ್ಲಿಯೇ. ಚಿತ್ರದಲ್ಲಿ ಸಲೀಸಾಗಿ ಕಾಣುವ ಗಂಟು ಒದ್ದೆ ಹುರಿ ಕೈಗೆ ಬಂದಾಗ ಜಾರುತ್ತದೆ.

ಎಲ್ಲಕ್ಕಿಂತ ದೀರ್ಘವಾದ ಪಾಠ ಪೈನ್ ಮರದ್ದು. ವಸಂತದಲ್ಲಿ ಎಳೆ ಚಿಗುರನ್ನು ಬೆರಳಿನಿಂದಲೇ ಚಿವುಟಬೇಕು. ಚಳಿಗಾಲದ ಮೊದಲು ಹಳೆಯ ಸೂಜಿ ಎಲೆಗಳನ್ನು ಹಿಡಿಹಿಡಿಯಾಗಿ ಕೀಳಬೇಕು. ದೊಡ್ಡದೊಂದು ಮರಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಇಂದು ಚಿವುಟಿದ್ದರ ಫಲ ಕಾಣಲು ವರ್ಷಗಳು ಬೇಕು. ಹಳೆಯ ಪದ್ಧತಿಯಲ್ಲಿ ಗುರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಹುಡುಗ ಕಸ ಗುಡಿಸುತ್ತ, ಏಣಿ ಹಿಡಿಯುತ್ತ, ಕಣ್ಣಿನಿಂದಲೇ ವಿದ್ಯೆ ಕದಿಯಬೇಕಿತ್ತು. ಅಲ್ಲಿನವರು ‘ನೋಡಿ ಕದಿ’ ಎಂದರೆ ನಮ್ಮವರು ‘ನೋಡಿ ಕಲಿ, ಮಾಡಿ ತಿಳಿ’ ಎಂದರು.

ಕಡಲಾಚೆಯ ತೋಟಗಳು

ಹಾಗಾದರೆ ತರಗತಿ ಏಕೆ ಬೇಕು? ಉತ್ತರ ಅಮೆರಿಕದಲ್ಲಿದೆ. ಸಾನ್ ಫ್ರಾನ್ಸಿಸ್ಕೋದ ಜಪಾನೀ ಚಹಾ ಉದ್ಯಾನ ಹುಟ್ಟಿದ್ದು 1894ರ ವಸ್ತುಪ್ರದರ್ಶನದಲ್ಲಿ. ಅದನ್ನು ದಶಕಗಳ ಕಾಲ ಸಾಕಿ ಬೆಳೆಸಿದವರು ಮಕೊತೋ ಹಗಿವಾರಾ ಮತ್ತು ಅವರ ಕುಟುಂಬ. 1942ರಲ್ಲಿ, ಯುದ್ಧದ ನಡುವೆ, ಆ ಕುಟುಂಬವನ್ನು ಅಲ್ಲಿಂದ ಹೊರಹಾಕಿ ಬಂಧನ ಶಿಬಿರಕ್ಕೆ ಕಳಿಸಲಾಯಿತು. ಉದ್ಯಾನದ ಹೆಸರಿನಿಂದ ‘ಜಪಾನೀ’ ಎಂಬ ಮಾತನ್ನೂ ಅಳಿಸಿದರು. ಹೆಸರು 1952ರಲ್ಲಿ ಮರಳಿತು, ಕುಟುಂಬ ಮರಳಿ ಅಲ್ಲಿ ನೆಲೆಸಲಿಲ್ಲ. ತೋಟ ಇರುವುದು ಕಲ್ಲು ನೀರಿನಲ್ಲಿ ಮಾತ್ರವಲ್ಲ, ದಿನವೂ ಅದನ್ನು ಸವರುವ ಕೈಗಳಲ್ಲಿ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಡ.

ಉತ್ತರ ಅಮೆರಿಕದಲ್ಲಿ ಇಂದು ಸಾರ್ವಜನಿಕರಿಗೆ ತೆರೆದಿರುವ ಜಪಾನೀ ಉದ್ಯಾನಗಳು ಇನ್ನೂರಕ್ಕೂ ಹೆಚ್ಚು. ಜಪಾನಿನಿಂದ ಬಂದ ಕುಶಲಿಗಳು ಕಟ್ಟಿ ಹೋದ ಮೇಲೆ, ಮರ ಸವರಬಲ್ಲವರಿಲ್ಲದ ತೋಟ ಕೆಲವೇ ವರ್ಷಗಳಲ್ಲಿ ಪೊದೆಯಾಗುತ್ತದೆ. ಆದ್ದರಿಂದಲೇ ಪೋರ್ಟ್‌ಲ್ಯಾಂಡ್ ನಗರದ ಜಪಾನೀ ಉದ್ಯಾನ ತನ್ನದೇ ತರಬೇತಿ ಕೇಂದ್ರ ಆರಂಭಿಸಿತು. ಈ ಉದ್ಯಾನದ ವಿನ್ಯಾಸ ಟೋಕಿಯೋ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತಕುಮಾ ತೋನೋ ಅವರದು. ಜನರಿಗೆ ತೆರೆದದ್ದು 1967ರಲ್ಲಿ. ಅಲ್ಲಿಯ ಶಿಬಿರಕ್ಕೆ ‘ವಾಜಾ ತೋ ಕೊಕೊರೋ’, ಅಂದರೆ ‘ಕೈಚಳಕ ಮತ್ತು ಹೃದಯ’ ಎಂದು ಹೆಸರು. ಕಲ್ಲಿನ ಕೆಲಸದ ಜೊತೆ ಚಹಾ ಪದ್ಧತಿಯ ಪರಿಚಯವೂ ಅಲ್ಲಿ ಪಾಠದ ಭಾಗ. ಕ್ಯೋಟೋದಲ್ಲೂ ಕಲಾ ವಿಶ್ವವಿದ್ಯಾಲಯವೊಂದರ ಉದ್ಯಾನ ಸಂಶೋಧನಾ ಕೇಂದ್ರ ಪರದೇಶಿಯರಿಗಾಗಿ ಇಂಗ್ಲಿಷಿನಲ್ಲಿ ಸಂಕಿರಣಗಳನ್ನು ನಡೆಸಿದೆ.

ಕೆಲವು ದಿನಗಳ ಶಿಬಿರದಿಂದ ಯಾರೂ ತೋಟಗಾರರಾಗುವುದಿಲ್ಲ. ಒಳ್ಳೆಯ ಗುರುಗಳು ಮೊದಲ ದಿನವೇ ಅದನ್ನು ಹೇಳಿಬಿಡಬೇಕು. ಆದರೆ ಶಿಬಿರ ಇನ್ನೊಂದು ಕೆಲಸ ಮಾಡುತ್ತದೆ. ಏಕೆ ಎಂದು ಕೇಳುವ ಹಕ್ಕನ್ನು ಕಲಿಯುವವರಿಗೆ ಕೊಡುತ್ತದೆ. ಹಿಂದೆ ಹೊರಗಿಟ್ಟಿದ್ದವರಿಗೆ, ಹೆಂಗಸರಿಗೆ, ಪರದೇಶಿಯರಿಗೆ ಬಾಗಿಲು ತೆರೆಯುತ್ತದೆ. ಸಕುತೇಕಿಯ ಪುಟವನ್ನೂ ಬಿದಿರ ಗಂಟನ್ನೂ ಒಂದೇ ಕೋಣೆಗೆ ತರುತ್ತದೆ.

ಈ ವಿದ್ಯೆ ಕಲಿಯಲು ಕ್ಯೋಟೋಗೆ ಹೋದವರು ರಿಯೋಆನ್‌ಜಿ ದೇವಾಲಯವನ್ನು ನೋಡದೆ ಬರುವುದಿಲ್ಲ. ಬಿಳಿ ಹರಳಿನ ಅಂಗಳದಲ್ಲಿ 15 ಕಲ್ಲುಗಳಿವೆ. ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗುತ್ತದೆ. ಬಂದವರೆಲ್ಲ ಎಣಿಸುತ್ತ ಕೂರುತ್ತಾರೆ. ಆ ಕಲ್ಲುಗಳಲ್ಲಿ ಒಂದರ ಹಿಂಬದಿಯಲ್ಲಿ ಎರಡು ಹೆಸರುಗಳನ್ನು ಕೆತ್ತಲಾಗಿದೆ. ಅವು ಅಲ್ಲಿ ದುಡಿದ ಕವಾರಮೋನೋ ಜನರ ಹೆಸರುಗಳೆಂದು ಅನೇಕ ವಿದ್ವಾಂಸರು ನಂಬುತ್ತಾರೆ. ಜಗಲಿಯಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ಹದಿನೈದನೆಯ ಕಲ್ಲು ಎಲ್ಲಿ ಎಂದು ಹುಡುಕುವವರಿಗೆ ಆ ಎರಡು ಹೆಸರುಗಳನ್ನೂ ಹೇಳಿಕೊಡುವ ತರಗತಿಯೇ ಒಳ್ಳೆಯ ತರಗತಿ.